'ನಾಳೆ ಬಾ' ಎನ್ನುವವರಿಗೆ ನಮ್ಮ ಉತ್ತರ

(ಸಂಘದ ವಾರ್ಷಿಕ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ನನಗೆ ಕೊಟ್ಟ ವಿಷಯ 'ಶಿಕ್ಷಣ ಮತ್ತು ಪೋಷಕರ ಜವಾಬ್ದಾರಿ'. ಈ ವಿಷಯದ ಮೇಲೆ ಪ್ರತಿ ವರ್ಷವೂ ಭಾಷಣ ಆಗುತ್ತದೆ. ಮಕ್ಕಳನ್ನು ತಪ್ಪದೆ ಶಾಲೆಗೆ ಕಳಿಸಿ, ಟಿ.ವಿ. ಆಫ್ ಮಾಡಿ, ಮೊಬೈಲ್ ಕೊಡಬೇಡಿ ಎಂದು ನಾವು ಹೇಳುತ್ತೇವೆ, ನೀವು ಕೇಳುತ್ತೀರಿ. ಈ ಸಲ ಮಾತನ್ನು ಸ್ವಲ್ಪ ತಿರುಗಿಸುತ್ತೇನೆ. ನಿಮ್ಮ ಜವಾಬ್ದಾರಿಯನ್ನು ನಿರ್ವಹಿಸಲು ನೀವು ಹೊರಟಾಗ ಕಚೇರಿ, ಬ್ಯಾಂಕು, ಅಂಗಡಿ ಮತ್ತು ಶಾಲೆ ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತವೆ, ಅದಕ್ಕೆ ನಾವು ಏನು ಮಾಡಬಹುದು ಎಂಬುದೇ ಇಂದಿನ ನನ್ನ ಮಾತು.

ಹಿರಿಯರಿಗೆ ನೆನಪಿರಬಹುದು. 1990ರ ದಶಕದಲ್ಲಿ ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ, ಮತ್ತೆ ವಾಪಸ್ಸು ಎಂಬ ನಂಬಿಕೆ. ದೆವ್ವ ಬರುವುದು ನಿಂತಿತೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಎರಡು ಪದಗಳು ಮನೆಯ ಬಾಗಿಲಿನಿಂದ ಕೌಂಟರಿನ ಒಳಗೆ ಹೋಗಿ ಕೂತಿವೆ. ಈಗ ವಾಪಸ್ಸು ಹೋಗುತ್ತಿರುವವರು ನಾವು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಒಬ್ಬ ವಿದ್ಯಾರ್ಥಿನಿಯ ತಾಯಿ ಟಿ. ನರಸೀಪುರದ ಕಡೆಯವರು. ರೇಷ್ಮೆ ನೂಲು ತೆಗೆಯುವ ಕೆಲಸ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಿತ್ತು. ಮೊದಲ ದಿನ ಹೋದಾಗ ಸರ್ವರ್ ಇಲ್ಲ. ಎರಡನೆಯ ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮೂರನೆಯ ದಿನ ಪಡಿತರ ಚೀಟಿಯ ಜೆರಾಕ್ಸ್ ಬೇಕು ಎಂದರು. ನಾಲ್ಕನೆಯ ದಿನ ಜೆರಾಕ್ಸ್ ಒಯ್ದರೆ, ಆಧಾರಿನಲ್ಲಿರುವ ಹೆಸರೇ ಬೇರೆ, ಶಾಲೆಯ ಹೆಸರೇ ಬೇರೆ, ಸರಿಮಾಡಿಸಿಕೊಂಡು ಬಾ ಎಂದರು. ಮೊದಲ ದಿನವೇ ಈ ನಾಲ್ಕೂ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಎರಡು ನಿಮಿಷ ಸಾಕಿತ್ತು.

ಲೆಕ್ಕ ಹಾಕೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಹಾಗಾಗಿ ಬಸ್ ಚಾರ್ಜು ಇಲ್ಲ ಎನ್ನಿ. ದಿನಕ್ಕೆ 400 ರೂಪಾಯಿ ಕೂಲಿ ಎಂದಿಟ್ಟುಕೊಂಡರೂ ನಾಲ್ಕು ದಿನಕ್ಕೆ 1,600 ರೂಪಾಯಿ ಹೋಯಿತು. ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2008ರಲ್ಲಿ ಶುರುವಾದಾಗ ಚಿಕ್ಕ ತರಗತಿಯ ಮಗುವಿಗೆ ಸಿಗುತ್ತಿದ್ದುದು ವರ್ಷಕ್ಕೆ 1,000 ರೂಪಾಯಿ. 2022ರಲ್ಲಿ ಅದನ್ನು 9 ಮತ್ತು 10ನೆಯ ತರಗತಿಗೆ ಸೀಮಿತಗೊಳಿಸಿದರು. ಅಂದರೆ ಸರ್ಕಾರ ಒಂದು ಕೈಯಲ್ಲಿ ಕೊಡುವುದಕ್ಕಿಂತ ಹೆಚ್ಚನ್ನು ಕೌಂಟರು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ. ಆ ತಾಯಿ ಐದನೆಯ ಸಲ ಹೋಗಲಿಲ್ಲ. "ಟೀಚರ್, ಆ ದುಡ್ಡು ನಮಗೆ ಬೇಡ ಬಿಡಿ" ಎಂದರು. ಅದು ಬೇಡದ ದುಡ್ಡಲ್ಲ. ಬೇಡವಾದದ್ದು ಆ ಅವಮಾನ.

ಅವಮಾನ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವುದರಿಂದ ಮಾತಿನ ಮರ್ಯಾದೆ ನನಗೆ ಬೇಗ ಕಿವಿಗೆ ಬೀಳುತ್ತದೆ. ಉರ್ದುವಿನಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ಕನ್ನಡದಲ್ಲಿ ನೀನು, ನೀವು, ತಾವು. ತರಗತಿಯಲ್ಲಿ 'ಹಿರಿಯರಿಗೆ ಬಹುವಚನ ಬಳಸಬೇಕು' ಎಂದು ಪಾಠ ಮಾಡುತ್ತೇವೆ. ಮಗು ಅದನ್ನು ಕಲಿತುಕೊಂಡು ಅಪ್ಪನ ಕೈ ಹಿಡಿದು ಕಚೇರಿಗೆ ಹೋದರೆ, ತನ್ನ ಮಗನ ವಯಸ್ಸಿನ ನೌಕರನಿಂದ ಅಪ್ಪ "ಏನಯ್ಯಾ, ಆ ಕಡೆ ನಿಂತ್ಕೋ" ಎಂದು ಕೇಳಿಸಿಕೊಳ್ಳುತ್ತಾನೆ. ಅದೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯವರು ಬಂದರೆ "ಬನ್ನಿ ಸಾರ್". ನಾವು ಒಂದು ವರ್ಷ ಕಲಿಸಿದ ಪಾಠವನ್ನು ಕೌಂಟರು ಒಂದು ನಿಮಿಷದಲ್ಲಿ ಅಳಿಸಿಹಾಕುತ್ತದೆ. ಮಗು ಅಲ್ಲಿ ಕಲಿಯುವ ಹೊಸ ಪಾಠವೆಂದರೆ, ಮರ್ಯಾದೆ ವಯಸ್ಸಿಗಲ್ಲ, ಬಟ್ಟೆಗೆ.

ಇದು ನಮ್ಮ ಸಮುದಾಯದವರಿಗೆ ಮಾತ್ರ ಆಗುವ ಅನುಭವ ಎಂದು ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಬೀದಿಯ ಉಪ್ಪಾರರಿಗೂ, ದಲಿತ ಕೇರಿಯ ಅಮ್ಮನಿಗೂ, ಬಾಳೆ ಬೆಳೆಯುವ ಸಣ್ಣ ರೈತನಿಗೂ ಇದೇ ಸಾಲು, ಇದೇ ಮಾತು. ಆದರೆ ನಮಗೆ ಇನ್ನೊಂದು ತೊಡಕು ಹೆಚ್ಚಾಗಿದೆ. ಅದು ಹೆಸರಿನ ತೊಡಕು.

ಉರ್ದುವಿನಲ್ಲಿ 'ಜ಼' ಎಂಬ ಉಚ್ಚಾರಕ್ಕೆ ಜ಼ಾಲ್, ಜ಼ೇ, ಜ಼್ವಾದ್, ಜ಼ೋಯ್ ಎಂದು ನಾಲ್ಕು ಅಕ್ಷರಗಳಿವೆ. ಕನ್ನಡಕ್ಕೆ ಬಂದಾಗ ನಾಲ್ಕೂ ಒಂದೇ 'ಜ' ಆಗುತ್ತವೆ. ಚುಕ್ಕಿ ಹಾಕಿದರೆ ಸರಿ, ಹಾಕದಿದ್ದರೆ ಯಾರೂ ಕೇಳುವುದಿಲ್ಲ. ಹೀಗಾಗಿ ಒಬ್ಬಳೇ ಹುಡುಗಿ ಶಾಲಾ ದಾಖಲಾತಿಯಲ್ಲಿ 'ಜುಬೇದ', ಪಡಿತರ ಚೀಟಿಯಲ್ಲಿ 'ಝುಬೇದಾ ಬಿ', ಬ್ಯಾಂಕಿನಲ್ಲಿ 'ಜುಬೈದಾ ಬೇಗಂ'. ಇಂಗ್ಲಿಷಿಗೆ ಹೋದರೆ ಒಬ್ಬರು 'ಜೆ' ಅಕ್ಷರ ಹಾಕುತ್ತಾರೆ, ಇನ್ನೊಬ್ಬರು 'ಝಡ್' ಹಾಕುತ್ತಾರೆ. ಮೊಹಮ್ಮದ್ ಎಂಬ ಹೆಸರು ಎಷ್ಟು ರೂಪ ತಾಳುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಮನುಷ್ಯರು ನೋಡಿದರೆ ಒಬ್ಬಳೇ ಎಂದು ತಿಳಿಯುತ್ತದೆ. ಕಂಪ್ಯೂಟರ್ ನೋಡಿದರೆ ಮೂವರು. ವಿದ್ಯಾರ್ಥಿವೇತನದ ತಂತ್ರಾಂಶ ಶಾಲೆಯ ಸ್ಯಾಟ್ಸ್ ದಾಖಲೆಯನ್ನೂ ಆಧಾರ್ ಹೆಸರನ್ನೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಅರ್ಜಿ ನಿಂತಲ್ಲೇ ನಿಲ್ಲುತ್ತದೆ. ತಪ್ಪು ಬರೆದವರು ಕಚೇರಿಯವರು. ಅಲೆಯುವವರು ಮಾತ್ರ ತಂದೆತಾಯಿ.

ಇದಕ್ಕೆ ಮೂಲದಲ್ಲೇ ಪರಿಹಾರವಿದೆ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ ಮುಂತಾದ ಅನೇಕ ಕೆಲಸಗಳಲ್ಲಿ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಆಸ್ಪತ್ರೆಯಲ್ಲಿ ಬಾಯಿಮಾತಿನಲ್ಲಿ ಹೆಸರು ಹೇಳಬೇಡಿ. ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿ. ಬರೆದುಕೊಡಲು ಯಾರೂ ಇಲ್ಲದಿದ್ದರೆ ನಮ್ಮ ಶಾಲೆಗೆ ಬನ್ನಿ, ನಾವು ಬರೆದುಕೊಡುತ್ತೇವೆ. ಆಧಾರಿನಲ್ಲಿ ಹೆಸರನ್ನು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ. ಅದನ್ನು ಅವಸರದಲ್ಲಿ ಕಳೆದುಕೊಳ್ಳಬಾರದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾಗುವ ಮೊದಲು ಎಲ್ಲ ದಾಖಲೆಗಳನ್ನೂ ಒಂದೇ ರೂಪಕ್ಕೆ ತಂದುಬಿಡಿ. ಆಮೇಲೆ ತಿದ್ದುವುದು ಬಹಳ ಕಷ್ಟ.

ಈಗ ಕಾನೂನಿನ ಮಾತಿಗೆ ಬರೋಣ. ಕಾನೂನು ಎಂದ ಕೂಡಲೇ "ನಮಗ್ಯಾಕೆ ಕೋರ್ಟು ಕಚೇರಿ" ಎನ್ನಬೇಡಿ. ಇವುಗಳಲ್ಲಿ ಬಹುಪಾಲಿಗೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ, ಒಂದು ಬಿಳಿ ಹಾಳೆ ಸಾಕು.

ಮೊದಲನೆಯದು ಸಕಾಲ. 2011ರಲ್ಲಿ ನಮ್ಮ ರಾಜ್ಯ ನಾಗರಿಕರಿಗೆ ಸೇವೆಗಳನ್ನು ಖಾತರಿಪಡಿಸುವ ಕಾಯ್ದೆ ಮಾಡಿತು. 2012ರ ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ಜಾರಿಯಾಯಿತು. 11 ಇಲಾಖೆಗಳ 151 ಸೇವೆಗಳಿಂದ ಆರಂಭವಾಗಿ ಆಮೇಲೆ ಬಹಳ ಬೆಳೆಯಿತು. ಜಾತಿ, ಆದಾಯ ಪ್ರಮಾಣಪತ್ರಗಳು ಇದರೊಳಗೆ ಬರುತ್ತವೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೊಡಬೇಕು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ, ಅರ್ಜಿದಾರರು ಪರಿಹಾರ ಕೇಳಬಹುದು. ಅದು ತಡಮಾಡಿದ ನೌಕರರ ಸಂಬಳದಿಂದ ಹೋಗಬೇಕು. 20 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ನಮ್ಮ ಸಮಯಕ್ಕೂ ಬೆಲೆಯಿದೆ ಎಂದು ಸರ್ಕಾರವೇ ಬರೆದುಕೊಟ್ಟ ಮಾತು ಅದು.

ಹಾಗಾದರೆ ಆ ತಾಯಿಗೆ ಇದು ಯಾಕೆ ಸಿಗಲಿಲ್ಲ? ಅವರ ಅರ್ಜಿಯನ್ನೇ ಯಾರೂ ತೆಗೆದುಕೊಳ್ಳಲಿಲ್ಲ. ಗುಟ್ಟು ಇರುವುದೇ ಇಲ್ಲಿ. ಅರ್ಜಿ ತೆಗೆದುಕೊಂಡರೆ ದಿನ ಎಣಿಸಬೇಕು, ತೆಗೆದುಕೊಳ್ಳದಿದ್ದರೆ ಗಡಿಯಾರವೇ ಓಡುವುದಿಲ್ಲ. ಆದ್ದರಿಂದ ಯಾವ ಕಚೇರಿಗೆ ಹೋದರೂ "ಕೆಲಸ ಆಗುತ್ತಾ?" ಎಂದು ಕೇಳುವ ಮೊದಲು, ಅರ್ಜಿ ಕೊಟ್ಟು "ಸ್ವೀಕೃತಿ ಕೊಡಿ" ಎಂದು ಕೇಳಿ. ಕೊಡುವುದಿಲ್ಲ ಎಂದರೆ ಅದೇ ಅರ್ಜಿಯನ್ನು ರಸೀದಿ ಸಿಗುವಂತೆ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿಯನ್ನು ಜೋಪಾನ ಮಾಡಿ.

ಎರಡನೆಯದು ಮಾಹಿತಿ ಹಕ್ಕು. ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಅದಕ್ಕೂ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತ್ತು ಎಂಬುದು ನಮಗೆ ಹೆಮ್ಮೆಯ ವಿಷಯ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. "ನನ್ನ ಅರ್ಜಿ ಯಾವ ತಾರೀಖಿನಂದು ಯಾರ ಮೇಜಿನ ಮೇಲಿತ್ತು, ಅವರು ಏನು ಬರೆದರು, ಪ್ರತಿ ಕೊಡಿ" ಎಂದು ಕೇಳಿದರೆ ಸಾಕು. ಸಿಟ್ಟು, ಬೈಗುಳ, ರಾಜಕೀಯ ಬೇಡ. ಇಂಥ ಅರ್ಜಿ ಹೋದ ಮೇಲೆ ಕಡತ ತಾನಾಗಿ ಎದ್ದು ಕೂರುವುದನ್ನು ನಾನು ಕಂಡಿದ್ದೇನೆ.

ಮೂರನೆಯದು ಬ್ಯಾಂಕು. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಯಾವ ಕನಿಷ್ಠ ಮೊತ್ತವೂ ಇಲ್ಲದ ಮೂಲ ಉಳಿತಾಯ ಖಾತೆಯನ್ನು ಬ್ಯಾಂಕುಗಳು ತೆರೆದುಕೊಡಬೇಕು. 10 ವರ್ಷ ದಾಟಿದ ಮಗು ತನ್ನ ಹೆಸರಿನಲ್ಲೇ ಖಾತೆ ನಡೆಸಲು 2014ರಿಂದ ಅವಕಾಶವಿದೆ. ಚಲನ್, ಅರ್ಜಿ ನಮೂನೆಗಳು ಇಂಗ್ಲಿಷ್, ಹಿಂದಿಯ ಜೊತೆಗೆ ನಮ್ಮ ಕನ್ನಡದಲ್ಲೂ ಇರಬೇಕು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ, ವಹಿವಾಟಿನ ನಂತರದ ಐದು ದಿನದೊಳಗೆ ವಾಪಸ್ಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು 2019ರ ಸುತ್ತೋಲೆ ಹೇಳುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನದೊಳಗೆ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು.

ನನ್ನದೇ ಒಂದು ಸಣ್ಣ ಅನುಭವ ಹೇಳುತ್ತೇನೆ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ನನ್ನ ಪಾಸ್‌ಬುಕ್ಕಿನಲ್ಲಿ ಯಾವುದೋ ವಿಮೆಯ ಹೆಸರಿನಲ್ಲಿ ಹಣ ಕಡಿತವಾಗಿತ್ತು. ನಾನು ಅಂಥ ಯಾವ ಅರ್ಜಿಗೂ ಸಹಿ ಹಾಕಿರಲಿಲ್ಲ. ವಿಚಾರಿಸಿದರೆ "ಸಿಸ್ಟಮ್ಮಿನಲ್ಲೇ ಬಂದಿದೆ, ಎಲ್ಲರಿಗೂ ಹಾಗೇ" ಎಂದರು. ಮೂರು ಸಲ ಹೋದೆ, ಮೂರು ಸಲವೂ ಅದೇ ಉತ್ತರ. ನಾಲ್ಕನೆಯ ಸಲ ಎರಡು ಪ್ರತಿ ಪತ್ರ ಒಯ್ದೆ. ಅದರಲ್ಲಿ ಇದ್ದದ್ದು ಒಂದೇ ಬೇಡಿಕೆ: 'ನಾನು ಒಪ್ಪಿಗೆ ಕೊಟ್ಟ ಅರ್ಜಿಯ ಪ್ರತಿ ಕೊಡಿ, ಇಲ್ಲವೇ ಹಣ ವಾಪಸ್ಸು ಹಾಕಿ.' ಒಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಹನ್ನೊಂದು ದಿನಕ್ಕೆ ಹಣ ಖಾತೆಗೆ ಬಂತು. ಯಾರೂ ವಿವರಣೆ ಕೊಡಲಿಲ್ಲ, ಕ್ಷಮೆ ಕೇಳಲಿಲ್ಲ. ಮೊತ್ತ ಚಿಕ್ಕದು. ಆದರೆ ಅದೇ ಸಾಲಿನಲ್ಲಿ ನಿಂತಿದ್ದ ಪಿಂಚಣಿಯ ಅಜ್ಜಿಯ ಪಾಸ್‌ಬುಕ್ಕಿನಲ್ಲೂ ಅದೇ ಕಡಿತವಿತ್ತು. ಅವರಿಗೆ ಪತ್ರ ಬರೆಯಲು ಬರುತ್ತಿರಲಿಲ್ಲ. ಅಂಥವರು ಎಷ್ಟು ಮಂದಿ ಇರಬಹುದು ಎಂಬ ಪ್ರಶ್ನೆ ನನ್ನನ್ನು ಈ ಭಾಷಣಕ್ಕೆ ತಂದು ನಿಲ್ಲಿಸಿದೆ.

ನಾಲ್ಕನೆಯದು ಅಂಗಡಿ. 'ಮಾರಿದ ಮಾಲನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ' ಎಂಬ ಬೋರ್ಡನ್ನು ಎಲ್ಲರೂ ನೋಡಿದ್ದೀರಿ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯಲ್ಲಿ, ಬರೆಯದಿದ್ದರೆ 30 ದಿನದೊಳಗೆ, ವಾಪಸ್ಸು ತೆಗೆದುಕೊಳ್ಳಲು ನಿರಾಕರಿಸುವುದೂ ಅನುಚಿತ ವ್ಯಾಪಾರ. ಬೋರ್ಡಿನಲ್ಲಿ ಬರೆದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. 10 ರೂಪಾಯಿ ನಾಣ್ಯವನ್ನು ಬೇಡವೆನ್ನುವವರಿಗೂ ಇದೇ ಮಾತು. ಅದರ ಎಲ್ಲ ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಸ್ಪಷ್ಟಪಡಿಸಿದೆ.

ಗ್ಯಾಸ್ ಸಿಲಿಂಡರ್ ಮನೆಗೆ ಬಂದಾಗ ತೂಕ ಹಾಕಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಒಳಗಿನ ಗ್ಯಾಸು 14.2 ಕಿಲೋ, ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿದರೆ ಲೆಕ್ಕ ಸಿಗುತ್ತದೆ. ಇದು ಐದನೆಯ ತರಗತಿಯ ಗಣಿತ, ಮಕ್ಕಳಿಂದಲೇ ಮಾಡಿಸಿ.

ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗ ಮೈಸೂರಿನಲ್ಲಿದೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವಕೀಲರ ನೆರವೇ ಬೇಕೆಂದರೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರು ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ನೆರವು ಉಚಿತ. ಅದರ ಸಹಾಯವಾಣಿ 15100.

ಸರ್ಕಾರಿ ಸಂಸ್ಥೆಗಳನ್ನು ಪ್ರಶ್ನಿಸಲಾಗದು ಎಂಬ ಭಯ ಕೆಲವರಿಗಿದೆ. 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೇವೆ ಕೊಡುವ ಸರ್ಕಾರಿ ಪ್ರಾಧಿಕಾರಗಳೂ ಗ್ರಾಹಕ ಕಾಯ್ದೆಗೆ ಒಳಪಡುತ್ತವೆ ಎಂದು ಹೇಳಿತು. ಅಧಿಕಾರಿಗಳು ಸಾಮಾನ್ಯರನ್ನು ಸತಾಯಿಸಿದರೆ ಅದಕ್ಕೆ ಕೊಡುವ ಪರಿಹಾರವನ್ನು ಹೊಣೆಗಾರರಿಂದಲೇ ವಸೂಲು ಮಾಡಬೇಕು, ಜನರ ತೆರಿಗೆಯಿಂದಲ್ಲ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕೌಂಟರಿನ ಆ ಕಡೆ ಕೂತವರೂ ಮನುಷ್ಯರೇ. ಖಾಲಿ ಹುದ್ದೆಗಳಿರುವ ಕಚೇರಿಯಲ್ಲಿ ಒಬ್ಬರೇ ಮೂವರ ಕೆಲಸ ಮಾಡುತ್ತಿರುತ್ತಾರೆ. ಸರ್ವರ್ ನಿಜವಾಗಿಯೂ ಕೆಟ್ಟಿರುತ್ತದೆ. ಎದ್ದು ನಿಂತು ಅಜ್ಜನಿಗೆ ಕುರ್ಚಿ ಕೊಟ್ಟ ಗ್ರಾಮ ಲೆಕ್ಕಿಗರನ್ನೂ, ತಾವೇ ಅರ್ಜಿ ತುಂಬಿಕೊಟ್ಟ ಅಂಚೆಯವರನ್ನೂ ನಾನು ನೋಡಿದ್ದೇನೆ. ಅಂಥವರಿಗೆ ಧನ್ಯವಾದ ಹೇಳಿ, ಅವರ ಮೇಲಧಿಕಾರಿಗೆ ಎರಡು ಸಾಲು ಬರೆಯಿರಿ. ದೂರು ಬರೆಯಲು ಕಲಿತ ಕೈ ಮೆಚ್ಚುಗೆ ಬರೆಯಲೂ ಕಲಿಯಬೇಕು.

ಕೊನೆಯದಾಗಿ ನನ್ನ ಸಹೋದ್ಯೋಗಿಗಳಿಗೆ. ಶಾಲೆಯ ಕಚೇರಿಯೂ ಒಂದು ಕೌಂಟರೇ. ಟಿ.ಸಿ. ಕೇಳಲು ಬಂದ ತಂದೆಯನ್ನು "ಫೀಸು ಬಾಕಿ ಇದೆ, ನಾಳೆ ಬಾ" ಎಂದು ಕಳಿಸುವ ಶಾಲೆಗಳು ನಮ್ಮ ನಡುವೆಯೇ ಇವೆ. ಟಿ.ಸಿ.ಯನ್ನು ತಡಮಾಡದೆ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳನ್ನು ಆ ಕಾಯ್ದೆಯ ಹೊರಗಿಟ್ಟಿತು ಎಂದು ಯಾರಾದರೂ ನೆನಪಿಸಬಹುದು. ಕಾಯ್ದೆಯಿಂದ ವಿನಾಯಿತಿ ಸಿಗಬಹುದು, ಮರ್ಯಾದೆಯಿಂದ ವಿನಾಯಿತಿ ಯಾರಿಗೂ ಇಲ್ಲ. ಬೇರೆಯವರ ಕೌಂಟರನ್ನು ಟೀಕಿಸುವ ನಾವು ನಮ್ಮ ಬಾಗಿಲಲ್ಲಿ ಎರಡು ಕುರ್ಚಿ, ಒಂದು ಕೊಡ ಕುಡಿಯುವ ನೀರು, ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡ ಮತ್ತು ಉರ್ದುವಿನಲ್ಲಿ ಬರೆದ ಒಂದು ಬೋರ್ಡು ಇಡೋಣ.

ಸಂಘದ ಮುಂದೆ ನನ್ನ ವಿನಂತಿ ಇಷ್ಟೇ. ತಿಂಗಳಿಗೆ ಒಂದು ಭಾನುವಾರ, ನಂಜನಗೂಡಿನಲ್ಲಿ ಎರಡು ಗಂಟೆ, ಟಿ. ನರಸೀಪುರದಲ್ಲಿ ಎರಡು ಗಂಟೆ, ಅರ್ಜಿ ಬರೆದುಕೊಡುವ ಒಂದು ಮೇಜು ಹಾಕೋಣ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳೇ ಶಿಕ್ಷಕರ ಜೊತೆ ಕೂತು ಬರೆಯಲಿ. ಪತ್ರಲೇಖನ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಮಾತ್ರ ಅಲ್ಲ ಎಂದು ಅವರಿಗೂ ತಿಳಿಯಲಿ. ಯಾವ ಜಾತಿ, ಯಾವ ಧರ್ಮದವರು ಬಂದರೂ ಬರೆದುಕೊಡೋಣ. ನಂಜನಗೂಡಿನ ಪಕ್ಕ ಹರಿಯುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವಾಗ ಯಾರ ಊರಿನ ನೀರೆಂದು ಕೇಳುವುದಿಲ್ಲ.

ಐದನೆಯ ಸಲ ಹೋಗದ ಆ ತಾಯಿಯ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಈ ವರ್ಷ ತಾಯಿಯ ಪರವಾಗಿ ಅರ್ಜಿಯನ್ನು ಅವಳೇ ಬರೆದಳು, ನಾನು ಓದಿ ನೋಡಿದೆ, ಒಂದು ಒತ್ತಕ್ಷರ ಬಿಟ್ಟರೆ ತಪ್ಪಿರಲಿಲ್ಲ. ಸ್ವೀಕೃತಿ ಚೀಟಿ ಅವಳ ಕಂಪಾಸ್ ಬಾಕ್ಸಿನಲ್ಲಿದೆ. ದಿನ ಎಣಿಸುತ್ತಿದ್ದಾಳೆ.